ಓಪನ್‌ಫೈರ್ ಜೊತೆ 14 ವರ್ಷ: ಒಳಗಿನ ಚಾಟು, ಹೊರಗಿನ ಬಾಗಿಲು

ಮೊದ್ಲೇ ಹೇಳ್ಬಿಡ್ತೀನಿ, ಓಪನ್‌ಫೈರ್ (ಆಫೀಸಿಗೆ ಸ್ವಂತ ಚಾಟ್ ನಡೆಸೋಕೆ ಇರೋ ಸರ್ವರ್ ಸಾಫ್ಟ್‌ವೇರ್) ನಾನು ಹುಡುಕ್ಕೊಂಡು ಹೋಗಿ ತಂದಿದ್ದಲ್ಲ. ಮೈಸೂರಿನ ಹೆಬ್ಬಾಳ್ ಇಂಡಸ್ಟ್ರಿಯಲ್ ಏರಿಯಾದಲ್ಲಿ ಸರ್ಕ್ಯೂಟ್ ಬೋರ್ಡ್ ಜೋಡಿಸೋ ಒಂದು ಸಣ್ಣ ಕಂಪನೀಲಿ ಸಿಸ್ಟಮ್ಸ್ ನೋಡ್ಕೊಳೋನು ನಾನು. 2011ರಲ್ಲಿ ಒಂದಿನ ಓನರ್ ರೌಂಡ್ಸ್ ಬಂದಾಗ ಸ್ಟೋರ್ಸ್ ಹುಡುಗನ ಸ್ಕ್ರೀನ್ ಮೇಲೆ ಯಾಹೂ ಮೆಸೆಂಜರ್ ಓಪನ್ ಇತ್ತು, ಅವ್ನು ಅದ್ರಲ್ಲಿ ಯಾರ್ ಜೊತೆ ಏನ್ ಮಾತಾಡ್ತಿದ್ನೋ ದೇವ್ರೇ ಬಲ್ಲ, ಓನರ್ ಮಾತ್ರ "ನಾಳೆಯಿಂದ ಇದೆಲ್ಲ ಬಂದ್" ಅಂದ್ಬಿಟ್ರು. ಪರ್ಚೇಸ್ ಮೇಡಂ ತಕ್ಷಣ "ಸರ್, ತೈವಾನ್ ಪಾರ್ಟಿ ಜೊತೆ ನಾನು ರೇಟ್ ಮಾತಾಡೋದೇ ಅದ್ರಲ್ಲಿ" ಅಂದ್ರು. ಓನರ್ ನನ್ ಕಡೆ ತಿರುಗಿ "ಬೇಕಾದೋರ್ಗೆ ಮಾತ್ರ ಇರೋ ಹಾಗೆ ಏನಾದ್ರೂ ಮಾಡಪ್ಪ" ಅಂದ್ರು. ಆ "ಬೇಕಾದೋರ್ಗೆ ಮಾತ್ರ" ಅನ್ನೋ ಎರಡು ಪದಾನೇ ಈ 14 ವರ್ಷದ ಕೆಲ್ಸ.

ಆಫೀಸ್ ಒಳಗಿನ ಚಾಟ್ ಬಗ್ಗೆ ಜಾಸ್ತಿ ಹೇಳೋಕೇನಿಲ್ಲ, ಹಳೇ ಡೆಸ್ಕ್‌ಟಾಪ್ ಒಂದಕ್ಕೆ ಓಪನ್‌ಫೈರ್ ಹಾಕ್ದೆ, ಎಲ್ಲರ ಸಿಸ್ಟಮ್‌ಗೂ ಅದಕ್ಕೆ ಕನೆಕ್ಟ್ ಆಗಿ ಚಾಟ್ ಮಾಡೋ ಸ್ಪಾರ್ಕ್ ಅನ್ನೋ ಆಪ್ ಹಾಕ್ದೆ, ಫ್ರೀ, ಓಪನ್ ಸೋರ್ಸ್, ಅರ್ಧ ದಿನದ ಕೆಲ್ಸ, ಇವತ್ತಿಗೂ ಓಡ್ತಿದೆ. ವಿಷ್ಯ ಇರೋದು ಹೊರಗಿನವರ ಜೊತೆ ಕನೆಕ್ಷನ್ ಕೊಡೋದ್ರಲ್ಲಿ.

ಅದಕ್ಕೂ ಮುಂಚೆ ನಾನ್ ಮಾಡಿದ ದೊಡ್ಡ ತಪ್ಪು ಕೇಳಿ. ಇನ್‌ಸ್ಟಾಲ್ ಮಾಡುವಾಗ ಡೊಮೈನ್ ಹೆಸರು ಕೇಳುತ್ತೆ, ನಾನು ಆಫೀಸ್ ಡಾಟ್ ಲೋಕಲ್ ಅಂತೇನೋ ಹೊಡ್ದು ನೆಕ್ಸ್ಟ್ ನೆಕ್ಸ್ಟ್ ಒತ್ಕೊಂಡ್ ಹೋದೆ. ಒಳಗೆ ಏನೂ ತೊಂದ್ರೆ ಇಲ್ಲ. ಆದ್ರೆ ಹೊರಗಿನ ಸರ್ವರ್ ನಮ್ಮನ್ನ ಹುಡುಕೋದು ಡಿಎನ್‌ಎಸ್‌ನಲ್ಲಿ (ಡೊಮೈನ್ ಹೆಸರಿಂದ ಸರ್ವರ್ ಎಲ್ಲಿದೆ ಅಂತ ಹೇಳೋ ಇಂಟರ್ನೆಟ್ ಡೈರೆಕ್ಟರಿ), ಅಲ್ಲಿ ಡಾಟ್ ಲೋಕಲ್ ಅಂತ ಯಾರಿಗೂ ಗೊತ್ತಿಲ್ಲ, ಮನೆ ಅಡ್ರೆಸ್ ಜಾಗದಲ್ಲಿ "ನಮ್ಮನೆ" ಅಂತ ಬರ್ದಂಗೆ. ಆಮೇಲೆ ನಿಜವಾದ ಡೊಮೈನ್‌ಗೆ ಬದಲಾಯಿಸಿದ್ರೆ ಎಲ್ಲರ ಕಾಂಟ್ಯಾಕ್ಟ್ ಲಿಸ್ಟ್‌ನಲ್ಲೂ ಹಳೇ ಹೆಸರೇ ಕೂತಿದೆ, ಒಬ್ರಿಗೂ ಇನ್ನೊಬ್ರು ಆನ್‌ಲೈನ್ ಕಾಣ್ತಿಲ್ಲ, ಕೊನೆಗೆ ಒಂದು ಭಾನುವಾರ ಕೂತು ಡೇಟಾಬೇಸ್‌ನ ರೋಸ್ಟರ್ ಅಂದ್ರೆ ಕಾಂಟ್ಯಾಕ್ಟ್ ಲಿಸ್ಟ್ ಟೇಬಲ್‌ನಲ್ಲಿ ಒಂದೊಂದು ಐಡಿಯ ಬಾಲಾನೂ ಕತ್ತರಿಸಿ ಅಂಟಿಸ್ದೆ. ಹೊಸದಾಗಿ ಹಾಕೋರು ದಯವಿಟ್ಟು ಮೊದಲ್ನೇ ದಿನಾನೇ ನಿಮ್ಮ ಸ್ವಂತ ಡೊಮೈನ್ ಕೊಡಿ, ಹೊರಗಿನ ಸಂಪರ್ಕ ಬೇಡ ಅನ್ಸಿದ್ರೂ ಕೊಡಿ.

ಪರ್ಚೇಸ್ ಮೇಡಂಗೋಸ್ಕರ ಕ್ರಾಕೆನ್ ಅಂತ ಒಂದು ಗೇಟ್‌ವೇ ಪ್ಲಗಿನ್ ಹಾಕಿದ್ದೆ. ಮೇಡಂ ಸ್ಪಾರ್ಕ್‌ನಲ್ಲೇ ತಮ್ಮ ಯಾಹೂ ಐಡಿ ಪಾಸ್‌ವರ್ಡ್ ಕೊಟ್ರೆ ನಮ್ಮ ಸರ್ವರ್ ಅವರ ಪರವಾಗಿ ಯಾಹೂಗೆ ಲಾಗಿನ್ ಆಗಿ ಮೆಸೇಜ್ ಆಚೆ ಈಚೆ ದಾಟಿಸ್ತಿತ್ತು. ಯಾರ್ಯಾರಿಗೆ ಗೇಟ್‌ವೇ ಅಂತ ಅಡ್ಮಿನ್ ಪೇಜಲ್ಲೇ ಹೇಳ್ಬಹುದಿತ್ತು, ಓನರ್ ಫುಲ್ ಖುಷ್. ಆದ್ರೆ ಗೇಟ್‌ವೇ ಅಂದ್ರೆ ಬಾಡಿಗೆ ಮನೆ ಕಣ್ರೀ, ಆ ಕಡೆ ಓನರ್ ಬೀಗ ಬದಲಾಯಿಸಿದ್ರೆ ನಾವು ಬೀದೀಲಿ. ಮೈಕ್ರೋಸಾಫ್ಟ್‌ನ ಎಂಎಸ್‌ಎನ್ ಮೆಸೆಂಜರ್ 2013ರಲ್ಲಿ ಸ್ಕೈಪ್ ಒಳಗೆ ಸೇರ್ಕೊಳ್ತು, ಎಒಎಲ್‌ನ ಮೆಸೆಂಜರ್ ಎಐಎಂ 2017 ಡಿಸೆಂಬರ್‌ನಲ್ಲಿ ಹೋಯ್ತು, ಯಾಹೂ ಮೆಸೆಂಜರ್ 2018 ಜುಲೈ 17ಕ್ಕೆ ಕಣ್ಮುಚ್ತು, 2025 ಮೇನಲ್ಲಿ ಸ್ಕೈಪೂ ಹೋಯ್ತು. ನಮ್ಮ ಗೇಟ್‌ವೇ ಪೇಜಲ್ಲಿದ್ದ ಪುಟ್ ಪುಟ್ ಐಕಾನ್‌ಗಳೆಲ್ಲ ಈಗ ಸ್ವರ್ಗಸ್ಥರ ಫೋಟೋ ಥರ.

ಜೀಮೇಲ್ ಕಥೆ ಬೇರೆ. ಅದರ ಚಾಟು ಗೂಗಲ್ ಟಾಕ್ ನಡೀತಿದ್ದೇ ಎಕ್ಸ್‌ಎಂಪಿಪಿ ಮೇಲೆ (ಚಾಟ್ ಸರ್ವರ್‌ಗಳು ಮಾತಾಡ್ಕೊಳೋ ಓಪನ್ ಭಾಷೆ, ಓಪನ್‌ಫೈರ್‌ದೂ ಅದೇ), 2006ರಿಂದ ಹೊರಗಿನ ಸರ್ವರ್‌ಗಳಿಗೂ ಬಾಗಿಲು ತೆಗೆದಿತ್ತು, ಹಾಗಾಗಿ ಗೇಟ್‌ವೇನೇ ಬೇಡ, ನಮ್ಮ ಸರ್ವರ್ ನೇರ ಹೋಗಿ ಜೀಮೇಲ್ ಸರ್ವರ್ ಜೊತೆ ಮಾತಾಡ್ತಿತ್ತು. ಜೀಮೇಲ್ ಐಡಿ ಆಡ್ ಮಾಡಿದ್ರೆ ಪಕ್ಕದಲ್ಲಿ ಹಸಿರು ಚುಕ್ಕಿ ಬರೋದು, ಅಷ್ಟೇ. 2013ರಲ್ಲಿ ಗೂಗಲ್ ಟಾಕ್ ಜಾಗಕ್ಕೆ ಹ್ಯಾಂಗೌಟ್ಸ್ ಬಂತು, ಅದ್ರಲ್ಲಿ ಈ ಸವಲತ್ತು ಇರ್ಲಿಲ್ಲ. 2014 ಮೇ 19ರಿಂದ ಎಕ್ಸ್‌ಎಂಪಿಪಿ ಸರ್ವರ್ ನಡೆಸೋರು ತುಂಬಾ ಜನ ಸರ್ವರ್‌ಗಳ ಮಧ್ಯೆ ಎನ್‌ಕ್ರಿಪ್ಶನ್ (ದಾರೀಲಿ ಬೇರೆಯೋರು ಮೆಸೇಜ್ ಓದದ ಹಾಗೆ ಬೀಗ ಹಾಕೋದು) ಕಡ್ಡಾಯ ಮಾಡಿದ್ರು, ಗೂಗಲ್‌ನ ಆ ಕಡೆ ಲಿಂಕ್‌ನಲ್ಲಿ ಅದು ಇರ್ಲಿಲ್ಲ. ನಾನೂ ಕಡ್ಡಾಯ ಅಂತ ಟಿಕ್ ಹಾಕ್ದೆ, ಹಸಿರು ಚುಕ್ಕಿಗಳು ಒಟ್ಟಿಗೆ ಬೂದು ಆದ್ವು.

ಹಾಗಾದ್ರೆ ಉಳಿದಿದ್ದೇನು ಅಂದ್ರೆ ನಿಜವಾದ ಸರ್ವರ್ ಟು ಸರ್ವರ್ ಲಿಂಕ್, ಮತ್ತೆ ಓಪನ್‌ಫೈರ್‌ಗೆ ನಾನು ಮಾರ್ಕ್ಸ್ ಕೊಡೋದೂ ಅದಕ್ಕೇ. ಚೆನ್ನೈನ ಒಂದು ಕಾಂಪೊನೆಂಟ್ ಸಪ್ಲೈಯರ್, ಬೆಂಗಳೂರಿನ ಒಂದು ಡಿಸೈನ್ ಕಂಪನಿ, ಇಬ್ರೂ ತಮ್ಮದೇ ಎಕ್ಸ್‌ಎಂಪಿಪಿ ಸರ್ವರ್ ಇಟ್ಕೊಂಡಿದ್ರು. ಒಳಗಿನೋರು ಲಾಗಿನ್ ಆಗೋದು 5222 ಪೋರ್ಟಲ್ಲಿ (ಪೋರ್ಟ್ ಅಂದ್ರೆ ಸರ್ವರ್‌ನ ನಂಬರ್ ಹಾಕಿದ ಬಾಗಿಲು), ಸರ್ವರ್‌ಗಳು ಮಾತಾಡೋದು 5269ರಲ್ಲಿ, ಫೈರ್‌ವಾಲ್‌ನಲ್ಲಿ ಹೊರಗಿನಿಂದ 5269 ಮಾತ್ರ ತೆಗೀರಿ, ಅದೂ ಆ ಕಂಪನಿಗಳ ಐಪಿಗೆ ಮಾತ್ರ. ಒಂದು ಮುಖ್ಯವಾದ ವಿಷ್ಯ, ಇನ್‌ಸ್ಟಾಲ್ ಆದಾಗ ಸರ್ವರ್ ಟು ಸರ್ವರ್ ಸೆಟ್ಟಿಂಗ್ "ಯಾರ್ ಬೇಕಾದ್ರೂ ಬರ್ಬಹುದು" ಅಂತಾನೇ ಇರುತ್ತೆ. ಅದನ್ನ ವೈಟ್‌ಲಿಸ್ಟ್‌ಗೆ ತಿರುಗಿಸಿ ಬೇಕಾದ ಡೊಮೈನ್ ಮಾತ್ರ ಸೇರಿಸ್ಬೇಕು. ನಾವು ಶುರು ಮಾಡಿದ ವರ್ಷನ್‌ನಲ್ಲಿ ಗ್ರೂಪ್ ಚಾಟ್‌ನ ಕಾನ್ಫರೆನ್ಸ್ ಡೊಮೈನ್ ಬೇರೆ ಎಂಟ್ರಿಯಾಗಿ ಹಾಕ್ಬೇಕಿತ್ತು, ಅದು ಗೊತ್ತಾಗದೆ ನಾನು ಎರಡು ದಿನ ತಲೆ ಕೆಡಿಸ್ಕೊಂಡಿದ್ದೆ.

ಕೊರತೆ ಏನು ಅಂದ್ರೆ ವೈಟ್‌ಲಿಸ್ಟ್ ಇಡೀ ಸರ್ವರ್‌ಗೆ ಒಂದೇ. ಚೆನ್ನೈ ಡೊಮೈನ್ ಸೇರಿಸಿದ್ರೆ ಪರ್ಚೇಸ್ ಮೇಡಮ್ಮೂ ಮಾತಾಡ್ಬಹುದು, ಸ್ಟೋರ್ಸ್ ಹುಡುಗಾನೂ ಮಾತಾಡ್ಬಹುದು. ಅದಕ್ಕೆ ಪ್ಯಾಕೆಟ್ ಫಿಲ್ಟರ್ ಅಂತ ಪ್ಲಗಿನ್ ಇದೆ, ಯಾವ ಗ್ರೂಪಿಂದ ಎಲ್ಲಿಗೆ ಹೋಗೋ ಮೆಸೇಜ್ ಬಿಡ್ಬೇಕು ಯಾವ್ದು ತಡೀಬೇಕು ಅಂತ ರೂಲ್ ಬರೀಬಹುದು. ರೂಲ್ಸು ಮೇಲಿಂದ ಕೆಳಗೆ ಓದ್ಕೊಂಡ್ ಬರುತ್ತೆ, ಮೊದ್ಲು ಹೊಂದಿದ್ದೇ ಫೈನಲ್. ನಾನು ಒಂದು ಶುಕ್ರವಾರ ಸಂಜೆ ಮನೆಗೆ ಹೋಗೋ ಅವಸರದಲ್ಲಿ "ಎಲ್ಲರನ್ನೂ ತಡಿ" ಅನ್ನೋ ರೂಲ್‌ನ "ಪರ್ಚೇಸ್‌ನ ಬಿಡು" ಅನ್ನೋದರ ಮೇಲೆ ಇಟ್ಟು ಹೋಗಿದ್ದೆ. ಡ್ರಾಪ್ ಅಂತ ಇಟ್ಟಿದ್ರಿಂದ ಎರರ್ ಕೂಡ ಬರಲ್ಲ, ಮೆಸೇಜ್ ಸುಮ್ನೆ ಗಾಳಿಗೆ ಹೋಗುತ್ತೆ. ಸೋಮವಾರ ಮಧ್ಯಾಹ್ನದ ತನಕ ಮೇಡಂ ಬೈತಿದ್ದಿದ್ದು ಚೆನ್ನೈನೋರನ್ನ, "ನೋಡಿ ರೇಟ್ ಕೇಳಿದ್ರೆ ಉತ್ರಾನೇ ಇಲ್ಲ" ಅಂತ, ನಾನು ತಲೆ ತಗ್ಗಿಸ್ಕೊಂಡು ಹೋಗಿ ಎರಡು ಸಾಲು ಅದಲು ಬದಲು ಮಾಡ್ದೆ. ಅವತ್ತಿಂದ ಡ್ರಾಪ್ ಹಾಕಲ್ಲ, ರಿಜೆಕ್ಟ್ ಹಾಕ್ತೀನಿ, ಕಳ್ಸಿದೋರಿಗೆ ಹೋಗ್ಲಿಲ್ಲ ಅಂತಾದ್ರೂ ಗೊತ್ತಾಗ್ಲಿ.

ಇನ್ನೊಂದು ತಲೆನೋವು ಸರ್ಟಿಫಿಕೇಟು, ಅಂದ್ರೆ ಎನ್‌ಕ್ರಿಪ್ಶನ್‌ಗೆ ಬೇಕಾದ ಸರ್ವರ್‌ನ ಗುರುತಿನ ಚೀಟಿ. ಫ್ರೀಯಾಗಿ ಕೊಡೋ ಲೆಟ್ಸ್ ಎನ್‌ಕ್ರಿಪ್ಟ್‌ದು 90 ದಿನಕ್ಕೆ ಮುಗಿಯುತ್ತೆ, ನಮ್ಮ ಕಡೆ ಆಟೋಮ್ಯಾಟಿಕ್ ಮಾಡಿಟ್ಟಿದ್ದೀನಿ, ಆ ಕಡೆಯೋರು ಮರೆತ್ರೆ ನಾವೇನ್ ಮಾಡೋದು? ಲಿಂಕ್ ಬೀಳುತ್ತೆ, ನಮ್ಮ ಕಡೆಯೋರು ಬಂದು ನನ್ ಮುಖ ನೋಡ್ತಾರೆ. ಈಗ ದಿನಾ ಬೆಳಿಗ್ಗೆ ಕಾಫಿ ಜೊತೆ ಸರ್ವರ್ ಸೆಷನ್ಸ್ ಪೇಜ್ (ಯಾವ ಸರ್ವರ್ ಜೊತೆ ಲಿಂಕ್ ಇದೆ ಅಂತ ತೋರಿಸೋದು) ಒಂದ್ಸಲ ನೋಡೋದು ಅಭ್ಯಾಸ ಆಗಿದೆ, ಹೋಗೋ ಬಾಣ ಬರೋ ಬಾಣ ಎರಡೂ ಇದ್ರೆ ನೆಮ್ಮದಿ.

ಸೆಕ್ಯೂರಿಟಿ ವಿಷ್ಯದಲ್ಲಿ ಒಂದು ಎಚ್ಚರಿಕೆ. 2023ರಲ್ಲಿ ಓಪನ್‌ಫೈರ್‌ನ ಅಡ್ಮಿನ್ ಕನ್ಸೋಲ್‌ನಲ್ಲಿ (ಸೆಟ್ಟಿಂಗ್ ಎಲ್ಲ ಮಾಡೋ ಪೇಜ್) ಒಂದು ದೊಡ್ಡ ತೂತು ಸಿಕ್ತು, ಪಾಸ್‌ವರ್ಡ್ ಇಲ್ದೇನೇ ಒಳಗೆ ನುಗ್ಗೋ ಥರದ್ದು, 4.6.8 ಮತ್ತೆ 4.7.5 ವರ್ಷನ್‌ಗಳಲ್ಲಿ ಮುಚ್ಚಿದ್ರು. ಆ ಕನ್ಸೋಲ್ ಇರೋ 9090 ಪೋರ್ಟ್ ನಾವು ಯಾವತ್ತೂ ಹೊರಗೆ ತೆಗೆದಿರ್ಲಿಲ್ಲ, ಆದ್ರೂ ಅವತ್ತು ರಾತ್ರೀನೇ ಕೂತು ಅಪ್‌ಡೇಟ್ ಮಾಡ್ದೆ. ಮನೇಲಿ ಕೂತು ಕನ್ಸೋಲ್ ನೋಡ್ಬೇಕು ಅಂತ 9090 ತೆಗ್ದಿಟ್ಟಿರೋರು ಇವತ್ತೇ ಮುಚ್ಚಿ, ವಿಪಿಎನ್ ಹಾಕ್ಕೊಳಿ.

"ಇಷ್ಟೆಲ್ಲ ಯಾಕೆ, ಒಂದು ವಾಟ್ಸಾಪ್ ಗ್ರೂಪ್ ಮಾಡಿದ್ರೆ ಆಯ್ತಲ್ಲ" ಅಂತ ನಮ್ ಹೊಸ ಮ್ಯಾನೇಜರೂ ಕೇಳಿದ್ರು. ಮಾಡಿದೀವಿ ಸಾರ್, ಡ್ರೈವರ್‌ಗಳಿಗೆ ಕೊರಿಯರ್‌ನೋರಿಗೆ ಅದೇ ಸರಿ. ಆದ್ರೆ ಪರ್ಚೇಸ್ ಮೇಡಂ ರಿಟೈರ್ ಆಗಿ ಹೋದಾಗ ಸಪ್ಲೈಯರ್ ಜೊತೆ ಆಡಿದ ಮಾತೆಲ್ಲ ಮಾನಿಟರಿಂಗ್ ಪ್ಲಗಿನ್‌ನ ಆರ್ಕೈವ್‌ನಲ್ಲಿ ಉಳೀತು, ಹೊಸಬ ಬಂದ ವಾರದಲ್ಲೇ ಒಂದು ರೇಟಿನ ತಕರಾರು ಬಂತು, ಹಳೇ ಚಾಟ್ ತೆಗ್ದು ತೋರಿಸಿದ್ವಿ, ಮುಗೀತು. ಅದೇ ಮಾತು ಮೇಡಂ ಸ್ವಂತ ಫೋನಲ್ಲಿ ಇದ್ದಿದ್ರೆ ಫೋನ್ ಜೊತೆ ಅದೂ ಹೋಗ್ತಿತ್ತು. ಆರ್ಕೈವ್ ಇದೆ ಅಂತ ಎಲ್ಲರಿಗೂ ಮೊದ್ಲೇ ಹೇಳಿರ್ಬೇಕು ಮತ್ತೆ, ಕದ್ದು ಇಡೋದು ಸರಿಯಲ್ಲ.

ಐದಕ್ಕೆ ನಾಲ್ಕು ಕೊಡ್ತೀನಿ. ಸ್ಪಾರ್ಕ್ ನೋಡೋಕೆ ಇನ್ನೂ ಹಳೇ ಕಾಲದ್ದೇ, ಅರ್ಧ ಮಾರ್ಕ್ ಅದಕ್ಕೆ ಕಟ್. ಇನ್ನರ್ಧ ಇಷ್ಟೊಂದು ಬೇಕಾಗೋ ಗ್ರೂಪ್‌ವಾರು ಪರ್ಮಿಷನ್ ಪ್ಲಗಿನ್ ಮೇಲೆ ಬಿಟ್ಟಿರೋದಕ್ಕೆ. ಆ ಕಡೆ ಪಾರ್ಟಿ ಹತ್ರ ಅವರದೇ ಸರ್ವರ್ ಇಲ್ದೇ ಹೋದ್ರೆ ಇದು ನಿಮಗೆ ಉಪಯೋಗ ಇಲ್ಲ, ಸುಮ್ನೆ ಹಾಕ್ಕೊಂಡು ನನ್ನ ಬೈಬೇಡಿ.

2025ರಲ್ಲಿ ಓಪನ್‌ಫೈರ್ 5.0 ಬಂತು, ಅದು ಓಡೋಕೆ ಜಾವಾ ಸಾಫ್ಟ್‌ವೇರ್‌ನ 17ನೇ ವರ್ಷನ್ ಬೇಕು, ನಮ್ದು ಇನ್ನೂ 11ರಲ್ಲೇ ಇದೆ. ಆಯುಧ ಪೂಜೆ ದಿನ ಮಧ್ಯಾಹ್ನದ ಮೇಲೆ ಫ್ಯಾಕ್ಟರಿ ಖಾಲಿ, ಸರ್ವರ್‌ಗೆ ಕುಂಕುಮ ಇಟ್ಟು ಕುಂಬಳಕಾಯಿ ಒಡೆದಾದ್ಮೇಲೆ ಬ್ಯಾಕಪ್ ತಗೊಂಡು ಕೂರೋದು ಅಂತ ಇದ್ದೀನಿ. ಚೆನ್ನೈನೋರಿಗೆ ಮೊದ್ಲೇ ಮೆಸೇಜ್ ಹಾಕಿದ್ದೆ, ಅವರ ಕಡೆ ಹುಡುಗ "ನಮ್ಗೂ ಅವತ್ತು ಪೂಜೆ ಸಾರ್, ನಾಡಿದ್ದು ಟೆಸ್ಟ್ ಮಾಡೋಣ" ಅಂದ.