ಐಎಸ್‌ಒ 14001 ಸಾಕಾ, ಇಮಾಸ್ ಬೇಕಾ?

ಸಂಸ್ಥೆಗಳು ತಮ್ಮಿಂದ ಪರಿಸರದ ಮೇಲಾಗುವ ಪರಿಣಾಮವನ್ನು ನಿಭಾಯಿಸಲು ಕಟ್ಟಿಕೊಳ್ಳುವ ವ್ಯವಸ್ಥೆಗೆ ಎರಡು ಹೆಸರಾಂತ ಮಾದರಿಗಳಿವೆ. 1996ರಲ್ಲಿ ಬಂದ ಅಂತರರಾಷ್ಟ್ರೀಯ ಮಾನದಂಡ ಐಎಸ್‌ಒ 14001 ಜಗತ್ತಿನ ಎಲ್ಲ ಕಡೆ ನಡೆಯುತ್ತದೆ. ಇಮಾಸ್ (EMAS) ಐರೋಪ್ಯ ಒಕ್ಕೂಟದ ಯೋಜನೆ, 1993ರ ಕಾನೂನಿನಿಂದ ಹುಟ್ಟಿದ್ದು. ಈಗ ಹೊರಗಿನ ದೇಶಗಳ ಸಂಸ್ಥೆಗಳೂ ಸೇರಬಹುದು. 14001ರ ಷರತ್ತುಗಳೆಲ್ಲ ಇಮಾಸ್ ಒಳಗೇ ಇವೆ. ಹಾಗಾದರೆ ಜಾಸ್ತಿ ಏನು?

ಮುಖ್ಯವಾಗಿ, ಲೆಕ್ಕ ಜನರೆದುರು ಬಯಲಿಗೆ ಬರುವುದು. ಒಂದು ಕಾರ್ಖಾನೆಯ ಹಳೆ ಎಣ್ಣೆಯ ಡ್ರಮ್‌ಗಳನ್ನೇ ತಗೊಳ್ಳಿ. 14001ರಲ್ಲಿ ಆಡಿಟರ್ ಬಂದು ಡ್ರಮ್ ಎಲ್ಲಿದೆ, ಸೋರಿದರೆ ಯಾರು ಏನು ಮಾಡಬೇಕು, ದಾಖಲೆ ಎಲ್ಲಿ ಎಂದು ಕೇಳುತ್ತಾರೆ. ಲೆಕ್ಕ ನಿಮ್ಮ ಕಪಾಟಿನಲ್ಲೇ ಉಳಿಯಬಹುದು. ಜನರಿಗೆ ತೋರಿಸಲೇಬೇಕಾದ್ದು ಪರಿಸರ ನೀತಿಯಂಥ ಸ್ವಲ್ಪವೇ. ಇಮಾಸ್‌ನಲ್ಲಿ ಕಸ, ನೀರು, ವಿದ್ಯುತ್, ಹೊಗೆ ಎಲ್ಲದರ ಅಂಕಿಅಂಶ ಹೊರಗಿನವರಿಂದ ಪರಿಶೀಲನೆಯಾಗಿ ಪ್ರಕಟವಾಗಬೇಕು. ಹೋದ ವರ್ಷಕ್ಕಿಂತ ಕಸ ಹೆಚ್ಚಿದರೆ ಅದೂ ಅಲ್ಲೇ ಕಾಣುತ್ತದೆ. ಮುಜುಗರವೇ, ಅಲ್ವಾ? ಕಾನೂನು ಪಾಲಿಸುತ್ತೇವೆ ಎಂದು ಸುಮ್ನೆ ಮಾತು ಕೊಟ್ಟರೆ ಸಾಲದು, ಪುರಾವೆಯೂ ಬೇಕು.

ಗಿರಾಕಿಗಳು ಹಲವು ದೇಶಗಳಲ್ಲಿದ್ದರೆ 14001 ಸಾಕು, ಹೆಸರು ಎಲ್ಲರಿಗೂ ಗೊತ್ತು. ಯುರೋಪಿನ ಸರ್ಕಾರಿ ಕೆಲಸಗಳ ಮೇಲೆ ಕಣ್ಣಿದ್ದರೆ ಇಮಾಸ್ ನೋಡಿ. ಸಣ್ಣ ಸಂಸ್ಥೆಯೇ? ಇಂಥ ವ್ಯವಸ್ಥೆಯನ್ನು ಹಂತ ಹಂತವಾಗಿ ಕಟ್ಟಲು ಐಎಸ್‌ಒ 14005 ದಾರಿ ತೋರಿಸುತ್ತದೆ. ಅದಕ್ಕೆ ಮಾತ್ರ ಸರ್ಟಿಫಿಕೇಟ್ ಕೇಳಬೇಡಿ, ಅದು ಬರೀ ಮಾರ್ಗದರ್ಶಿ.