ದೂರದ ಲೆಕ್ಕ ಸರಿ, ಟೈಮ್ ಮಾತ್ರ ನಂಬಬೇಡಿ

ಎರಡು ಏರ್‌ಪೋರ್ಟ್ ಹೆಸರು ಹಾಕಿದರೆ ನಡುವಿನ ದೂರವನ್ನೂ ಹಾರಾಟದ ಸಮಯವನ್ನೂ ತೋರಿಸುವ ಆ್ಯಪ್ ಒಂದನ್ನು ಎರಡು ವರ್ಷದಿಂದ ಬಳಸುತ್ತಿದ್ದೇನೆ. ಹೆಸರು ಬೇಡ ಬಿಡಿ. ಐದಕ್ಕೆ ಮೂರು ಸ್ಟಾರ್.

ಆ ಮೂರೂ ದೂರದ ಲೆಕ್ಕಕ್ಕೆ. ಸಿಂಗಪುರದಿಂದ ನ್ಯೂಯಾರ್ಕಿನ ಜೆಎಫ್‌ಕೆಗೆ ಕೇಳಿದರೆ ಸುಮಾರು 15,350 ಕಿ.ಮೀ. ಅನ್ನುತ್ತದೆ, ಅದು ಸರಿ. ಮ್ಯಾಪ್ ಮೇಲೆ ಗೆರೆಯನ್ನೂ ಎಳೆಯುತ್ತದೆ. ಲಂಡನ್‌ನಿಂದ ಲಾಸ್ ಏಂಜಲೀಸ್‌ಗೆ ಹಾಕಿದಾಗ ಗೆರೆ ಗ್ರೀನ್‌ಲ್ಯಾಂಡ್ ಹತ್ತಿ ಇಳಿಯಿತು. ಇದೇನು ಸುತ್ತು ದಾರಿ ಅಂತ ನನಗೆ ಅನುಮಾನ. ಮಗನ ಗ್ಲೋಬ್ ತೆಗೆದು, ಎರಡೂ ಊರಿನ ಮೇಲೆ ಹೊಲಿಗೆ ದಾರ ಹಿಡಿದು ಬಿಗಿಯಾಗಿ ಎಳೆದೆ. ದಾರ ತಾನಾಗೇ ಜಾರಿ ಮೇಲೆ ಹೋಗಿ ಗ್ರೀನ್‌ಲ್ಯಾಂಡ್ ಮೇಲೇ ಕೂತಿತು. ಉಂಡೆಯಾದ ಭೂಮಿಯನ್ನು ಚಪ್ಪಟೆ ಮಾಡಿ ನೋಡಿದ್ದು ನನ್ನ ತಪ್ಪು, ಆ್ಯಪಿಂದಲ್ಲ.

ಟೈಮ್ ವಿಷಯ ಬೇರೆ. ಗಂಟೆಗೆ ಇಷ್ಟು ಕಿ.ಮೀ. ಅಂತ ಒಂದೇ ವೇಗ ಹಿಡಿದು ಭಾಗಿಸಿ, ಏರಲು ಇಳಿಯಲು ಅರ್ಧ ಗಂಟೆ ಸೇರಿಸುತ್ತದೆ, ಅಷ್ಟೇ. ಗಾಳಿಯ ಲೆಕ್ಕವೇ ಇಲ್ಲ. ಲಂಡನ್‌ನಿಂದ ನ್ಯೂಯಾರ್ಕಿಗೆ ಸುಮಾರು ಎಂಟು ಗಂಟೆ, ವಾಪಸ್ ಬರೋಕೆ ಏಳೇ, ಏಕೆಂದರೆ ಮೇಲೆ ಜೆಟ್ ಸ್ಟ್ರೀಮ್ ಅನ್ನೋ ಜೋರು ಗಾಳಿ ಪಶ್ಚಿಮದಿಂದ ಪೂರ್ವಕ್ಕೆ ಬೀಸುತ್ತದೆ. 2020ರ ಫೆಬ್ರುವರಿಯಲ್ಲಿ ಬಿರುಗಾಳಿ ಬೆನ್ನಿಗೆ ಸಿಕ್ಕು ಒಂದು ವಿಮಾನ ಐದು ಗಂಟೆಯೊಳಗೆ ನ್ಯೂಯಾರ್ಕಿನಿಂದ ಲಂಡನ್ ಸೇರಿತ್ತು. ಈ ಆ್ಯಪ್‌ನಲ್ಲಿ ಹೋಗೋದೂ ಬರೋದೂ ಒಂದೇ ನಂಬರ್!

ನನಗೆ ಪೆಟ್ಟು ಬಿದ್ದಿದ್ದು ತಂಗಿ ಹೆಲ್ಸಿಂಕಿಯಿಂದ ಟೋಕಿಯೋಗೆ ಹೊರಟ ದಿನ. ಆ್ಯಪ್ ಸುಮಾರು 7,800 ಕಿ.ಮೀ., ಒಂಬತ್ತು ಮುಕ್ಕಾಲು ಗಂಟೆ ಅಂದಿತು. ಅಮ್ಮನಿಗೂ ಅದನ್ನೇ ಹೇಳಿದೆ. ಹತ್ತು ಗಂಟೆ ಆಯಿತು, ತಂಗಿಯ ಫೋನ್ ಸ್ವಿಚ್ ಆಫ್. ಹನ್ನೊಂದಾಯಿತು. "ಇಳಿದ್ಲಾ? ಇನ್ನೊಂದ್ಸಲ ಮಾಡೋ" ಅಂತ ಅಮ್ಮ ಪಕ್ಕದಲ್ಲೇ ಕೂತಿದ್ದಾರೆ. ಹದಿಮೂರು ಗಂಟೆ ದಾಟಿದ ಮೇಲೆ ಮೆಸೇಜ್ ಬಂತು: "ಇಳಿದೆ, ಹಸಿವು." 2022ರಿಂದ ಫಿನ್ಲೆಂಡ್ ವಿಮಾನಗಳಿಗೆ ರಷ್ಯಾದ ಆಕಾಶ ಬಂದ್. ಉತ್ತರ ಧ್ರುವದ ಕಡೆಯಿಂದಲೋ ದಕ್ಷಿಣದಿಂದಲೋ ಬಳಸಿಕೊಂಡೇ ಹೋಗಬೇಕು. ಟಿಕೆಟ್‌ನಲ್ಲಿ ಸರಿಯಾದ ಟೈಮ್ ಇತ್ತು, ನಾನೇ ನೋಡಿರಲಿಲ್ಲ ಅನ್ನಿ. ಆದರೆ ಆ ದಾರಿ ಈಗಿಲ್ಲ ಅಂತ ಆ್ಯಪ್ ಒಂದು ಸಾಲು ಹಾಕಬಹುದಿತ್ತು, ಅಲ್ವಾ?

ಹಾಂ, ಊರಿನ ಹೆಸರಿನ ಬದಲು ಮೂರಕ್ಷರದ ಕೋಡ್ ಹಾಕಿ. ನಾನು ಸುಮ್ನೆ ಸ್ಯಾನ್ ಹೋಸೆ ಅಂತ ಟೈಪ್ ಮಾಡಿದ್ದಕ್ಕೆ ಕ್ಯಾಲಿಫೋರ್ನಿಯಾದ ಎಸ್‌ಜೆಸಿ ಬಿಟ್ಟು ಕೋಸ್ಟರಿಕಾದ ಎಸ್‌ಜೆಓಗೆ ಲೆಕ್ಕ ಹಾಕಿಕೊಟ್ಟಿತ್ತು.

ಮುಂದಿನ ತಿಂಗಳು ತಂಗಿ ವಾಪಸ್ ಹೊರಡುತ್ತಾಳೆ. ಟಿಕೆಟ್‌ನ ಫೋಟೋ ಕಳಿಸು ಅಂತ ಅಮ್ಮ ಈಗಲೇ ಅವಳಿಗೆ ಹೇಳಿಟ್ಟಿದ್ದಾರೆ.