‘ಆ್ಯನ್ ಇನ್‌ಸ್ಪೆಕ್ಟರ್ ಕಾಲ್ಸ್’: 1954ರದ್ದೋ, 2015ರದ್ದೋ?

ಒಂದೇ ಹೆಸರಿನ ಈ ಎರಡು ಇಂಗ್ಲಿಷ್ ಚಿತ್ರಗಳಲ್ಲಿ ಯಾವುದನ್ನು ನೋಡಬೇಕು? ಕಥೆ ಎರಡರಲ್ಲೂ ಒಂದೇ. 1912ರ ಇಂಗ್ಲೆಂಡ್, ಗಿರಣಿ ಮಾಲೀಕ ಬರ್ಲಿಂಗ್ ಮನೆಯಲ್ಲಿ ಮಗಳ ನಿಶ್ಚಿತಾರ್ಥದ ಔತಣ. ಅಷ್ಟರಲ್ಲಿ ಬಂದ ಇನ್‌ಸ್ಪೆಕ್ಟರ್, ಈವಾ ಸ್ಮಿತ್ ಎಂಬ ಬಡ ಹುಡುಗಿಯ ಸಾವಿನ ಸುದ್ದಿ ತಿಳಿಸಿ ಒಬ್ಬೊಬ್ಬರನ್ನೇ ಪ್ರಶ್ನಿಸುತ್ತಾನೆ.

ಗೈ ಹ್ಯಾಮಿಲ್ಟನ್ ನಿರ್ದೇಶನದ 1954ರ ಕಪ್ಪು-ಬಿಳುಪು ಚಿತ್ರದ ಜೀವಾಳ ಇನ್‌ಸ್ಪೆಕ್ಟರ್ ಪಾತ್ರದ ಅಲಸ್ಟೇರ್ ಸಿಮ್. ದನಿ ಏರಿಸದೆ, ಎಲ್ಲವೂ ಮೊದಲೇ ಗೊತ್ತಿರುವವನಂತೆ ಕೇಳುವ ಅವರ ಶಾಂತ ಪ್ರಶ್ನೆಗಳೇ ಬೆವರಿಳಿಸುತ್ತವೆ. ಗರ್ಭಿಣಿ ಈವಾ ನೆರವು ಬೇಡಿದಾಗ, ದತ್ತಿ ಸಮಿತಿಯಲ್ಲಿ ಕುಳಿತ ಶ್ರೀಮತಿ ಬರ್ಲಿಂಗ್ ತಿರಸ್ಕರಿಸುವ ಪ್ರಸಂಗ ಕರುಳು ಹಿಂಡುತ್ತದೆ.

ಬಿಬಿಸಿಯ 2015ರ ಚಿತ್ರದಲ್ಲಿ ಡೇವಿಡ್ ಥ್ಯೂಲಿಸ್ ಇನ್‌ಸ್ಪೆಕ್ಟರ್, ಸೋಫಿ ರಂಡಲ್ ಈವಾ. ಬಣ್ಣವಿದೆ, ಸಿಟ್ಟೂ ನೇರವಾಗಿದೆ. ಹಳೆಯ ಚಿತ್ರಗಳ ನಿಧಾನಗತಿ ಒಗ್ಗದವರಿಗೆ ಇದು ಸಲೀಸು.

ಒಂದನ್ನೇ ನೋಡುವುದಾದರೆ 1954ರದ್ದನ್ನೇ ನೋಡಿ. ಸಿಮ್ ಅವರಿಗೆ ಸಾಟಿಯಿಲ್ಲ.